ನ್ಯಾಯಪೀಠದಲ್ಲಿ ವಿಮರ್ಶೆ: ನ್ಯಾಯಾಧೀಶ ವುಲ್ಸಿ ಮತ್ತು ‘ಯೂಲಿಸಿಸ್’ ತೀರ್ಪು

೧

ಸಾಹಿತ್ಯವಿಮರ್ಶೆಯ ಚರಿತ್ರೆಯಲ್ಲಿ ನ್ಯಾಯಾಧೀಶರ ಹೆಸರು ಕಾಣಸಿಗುವುದು ಅಪೂರ್ವ. ಕಂಡರೂ ಅದು ಬಹುಮಟ್ಟಿಗೆ ಗ್ರಂಥವೊಂದನ್ನು ಮುಟ್ಟುಗೋಲು ಹಾಕಿದವರ ಹೆಸರಾಗಿಯೇ ಇರುತ್ತದೆ. ಅಮೆರಿಕದ ಜಾನ್ ಮನ್ರೊ ವುಲ್ಸಿಯವರು ಈ ಮಾತಿಗೆ ಹೊರತಾದವರು. ಜೇಮ್ಸ್ ಜಾಯ್ಸ್‌ನ ‘ಯೂಲಿಸಿಸ್’ ಕಾದಂಬರಿ ಅಶ್ಲೀಲವಲ್ಲವೆಂದು ೧೯೩೩ರ ಡಿಸೆಂಬರ್ ೬ರಂದು ಅವರು ಕೊಟ್ಟ ತೀರ್ಪು, ಮರುವರ್ಷ ರ‍್ಯಾಂಡಮ್ ಹೌಸ್ ಪ್ರಕಾಶನದವರು ಹೊರತಂದ ಆವೃತ್ತಿಯಲ್ಲಿ ಕಾದಂಬರಿಯ ಮುಂದೆಯೇ ಅಚ್ಚಾಯಿತು. ಆ ಆವೃತ್ತಿಯನ್ನು ಹಿಡಿದ ಓದುಗನು ಜಾಯ್ಸ್‌ನ ಮೊದಲ ವಾಕ್ಯವನ್ನು ಸೇರಬೇಕಾದರೆ ನ್ಯಾಯಾಧೀಶರ ವಾಕ್ಯಗಳನ್ನು ದಾಟಿ ಹೋಗಬೇಕಾಗಿತ್ತು. ತೀರ್ಪೊಂದು ಹೀಗೆ ಮುನ್ನುಡಿಯ ಸ್ಥಾನವನ್ನು ಪಡೆದ ನಿದರ್ಶನಗಳು ಬಹಳ ವಿರಳ.

ಈ ಬರಹವನ್ನು ಎರಡು ಬಗೆಯ ಜನ ಓದುತ್ತ ಬಂದಿದ್ದಾರೆ. ನ್ಯಾಯಶಾಸ್ತ್ರಜ್ಞರು ಅದನ್ನು ಅಶ್ಲೀಲತೆಯ ಕಾನೂನಿನ ಬೆಳವಣಿಗೆಯಲ್ಲಿ ಒಂದು ಮೆಟ್ಟಿಲೆಂದು ಎಣಿಸಿದರು. ಸಾಹಿತ್ಯಾಸಕ್ತರು ಅದನ್ನು ಕಾದಂಬರಿಗೆ ದೊರೆತ ಬಿಡುಗಡೆಯ ಪತ್ರವೆಂದು ಕಂಡು ಸಂತೋಷಪಟ್ಟರು. ಅದನ್ನು ವಿಮರ್ಶೆಯೆಂದೇ ಎತ್ತಿಕೊಂಡು, ಅದರ ವಿಧಾನ ಯಾವುದು, ಕೃತಿಯಲ್ಲಿ ಅದು ಕಂಡದ್ದೆಷ್ಟು, ಕಾಣದೆ ಹೋದದ್ದೆಷ್ಟು ಎಂದು ವಿಚಾರಿಸುವುದು ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವುಲ್ಸಿಯವರ ಓದಿನ ಕ್ರಮ ಶ್ಲಾಘ್ಯವಾದುದು, ಮತ್ತು ಅದು ಬಹುಭಾಗ ಅವರ ವೃತ್ತಿಜೀವನದಿಂದ ಬಂದುದು. ಅವರು ತಲುಪಿದ ನಿರ್ಣಯವೂ ಸರಿಯಾದುದೇ. ಆದರೆ ಆ ನಿರ್ಣಯಕ್ಕೆ ಅವರು ಕೊಟ್ಟ ಕಡೆಯ ಕಾರಣವು ಕೃತಿಯನ್ನು ಉಳಿಸುವ ಭರದಲ್ಲಿ ಅದರ ಸತ್ತ್ವವನ್ನೇ ಕುಗ್ಗಿಸಿ ಹೇಳುತ್ತದೆ. ಈ ಮೂರು ಮಾತುಗಳನ್ನು ಮುಂದೆ ಒಂದೊಂದಾಗಿ ಪರಿಶೀಲಿಸುತ್ತೇವೆ.

೨

ವುಲ್ಸಿಯವರು ೧೮೭೭ರ ಜನವರಿ ೩ರಂದು ದಕ್ಷಿಣ ಕ್ಯಾರೊಲಿನ ಸಂಸ್ಥಾನದ ಏಕೆನ್ ಎಂಬ ಊರಿನಲ್ಲಿ ಜನಿಸಿದರು. ೧೮೯೮ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಪದವಿಯನ್ನೂ ೧೯೦೧ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ಕಾನೂನು ಪದವಿಯನ್ನೂ ಪಡೆದರು. ಕೊಲಂಬಿಯದ ಕಾನೂನು ವಿದ್ಯಾರ್ಥಿಗಳ ಪ್ರಸಿದ್ಧ ಶಾಸ್ತ್ರಪತ್ರಿಕೆಯನ್ನು ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಅಲ್ಲಿಂದ ಮುಂದೆ ಕಾಲು ಶತಮಾನಕ್ಕೂ ಮೀರಿ ನ್ಯೂಯಾರ್ಕ್ ನಗರದಲ್ಲಿ ವಕೀಲರಾಗಿದ್ದರು. ಅವರ ವಿಶೇಷ ಪರಿಶ್ರಮವಿದ್ದುದು ನೌಕಾವ್ಯಾಜ್ಯಗಳಲ್ಲಿ, ಎಂದರೆ ಹಡಗುಗಳ ಡಿಕ್ಕಿ, ಸರಕಿನ ನಷ್ಟ, ವಿಮೆ, ಬಾಡಿಗೆ ಮೊದಲಾದವುಗಳಿಗೆ ಸಂಬಂಧಿಸಿದ ಮೊಕದ್ದಮೆಗಳಲ್ಲಿ. ೧೯೨೯ರಲ್ಲಿ ರಾಷ್ಟ್ರಾಧ್ಯಕ್ಷ ಹರ್ಬರ್ಟ್ ಹೂವರ್ ಅವರನ್ನು ನ್ಯೂಯಾರ್ಕಿನ ದಕ್ಷಿಣ ಜಿಲ್ಲೆಯ ಒಕ್ಕೂಟ ನ್ಯಾಯಾಲಯದ ನ್ಯಾಯಾಧೀಶರನ್ನಾಗಿ ನೇಮಿಸಿದರು. ೧೯೪೩ರ ಕೊನೆಯಲ್ಲಿ ಪೂರ್ಣಾವಧಿಯ ಕಾರ್ಯಭಾರದಿಂದ ಬಿಡುವು ಪಡೆದು, ೧೯೪೫ರ ಮೇ ೪ರಂದು ಅವರು ತೀರಿಕೊಂಡರು.

ಈ ಹುದ್ದೆಯ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಅಮೆರಿಕದಲ್ಲಿ ಪ್ರತಿಯೊಂದು ಸಂಸ್ಥಾನಕ್ಕೂ ತನ್ನದೇ ಆದ ನ್ಯಾಯಾಲಯಗಳುಂಟು. ಅವಲ್ಲದೆ ಒಕ್ಕೂಟ ಸರ್ಕಾರದ ಕಾನೂನುಗಳಿಗೆ ಸಂಬಂಧಪಟ್ಟ ವ್ಯಾಜ್ಯಗಳಿಗಾಗಿ ಬೇರೊಂದು ಶ್ರೇಣಿಯೂ ಇದೆ. ಆ ಶ್ರೇಣಿಯಲ್ಲಿ ಕೆಳಗಿನದು ಜಿಲ್ಲಾ ನ್ಯಾಯಾಲಯ, ಅದರ ಮೇಲೆ ಅಪೀಲು ನ್ಯಾಯಾಲಯ, ಎಲ್ಲಕ್ಕೂ ಮೇಲೆ ಸುಪ್ರೀಂ ಕೋರ್ಟು. ಸಾಕ್ಷ್ಯವನ್ನು ಕೇಳಿ, ವಸ್ತುಸ್ಥಿತಿ ಏನೆಂದು ನಿರ್ಧರಿಸುವುದು ಜಿಲ್ಲಾ ನ್ಯಾಯಾಧೀಶನ ಮುಖ್ಯ ಕೆಲಸ. ರಾಷ್ಟ್ರಾಧ್ಯಕ್ಷನು ಸೆನೆಟ್ಟಿನ ಒಪ್ಪಿಗೆಯಿಂದ ನೇಮಿಸಿದ ಈ ನ್ಯಾಯಾಧೀಶನು ಸದ್ವರ್ತನೆಯಿರುವವರೆಗೂ ಜೀವಾವಧಿ ಅಧಿಕಾರದಲ್ಲಿರುತ್ತಾನೆ. ಆತನಿಗೆ ಸ್ವಾತಂತ್ರ್ಯ ಹೆಚ್ಚು, ಆದರೆ ಆತನ ಮಾತಿನ ಅಧಿಕಾರ ಕಡಮೆ. ಆತನ ತೀರ್ಪು ಮುಂದಿದ್ದ ವ್ಯಾಜ್ಯವನ್ನು ಮುಗಿಸುತ್ತದೆಯೇ ಹೊರತು ಬೇರೆ ನ್ಯಾಯಾಧೀಶರನ್ನು ಬಂಧಿಸುವುದಿಲ್ಲ. ವುಲ್ಸಿಯವರ ತೀರ್ಪು ದೇಶಾದ್ಯಂತ ಹರಡಿದ್ದು ಅವರ ಪೀಠದ ಅಧಿಕಾರದಿಂದಲ್ಲ, ಬರಹದ ಬಲದಿಂದ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

ನೌಕಾವ್ಯಾಜ್ಯದಲ್ಲಿ ಒಂದು ವಿಶೇಷ ಪದ್ಧತಿಯಿದೆ. ಹಡಗಿನ ಒಡೆಯನು ಎಲ್ಲಿಯೋ ಪರದೇಶದಲ್ಲಿರಬಹುದು. ಹಡಗು ಮಾತ್ರ ರೇವಿನಲ್ಲಿ ನಿಂತಿರುತ್ತದೆ. ಆದುದರಿಂದ ನ್ಯಾಯಾಲಯವು ಹಡಗನ್ನೇ ಪ್ರತಿವಾದಿಯನ್ನಾಗಿ ಮಾಡಿ ಅದರ ಮೇಲೆ ದಾವೆಯನ್ನು ನಡೆಸುತ್ತದೆ. ಒಡೆಯನು ಬಂದು ಅದು ತನ್ನದೆಂದು ಹಕ್ಕು ಸಾಧಿಸಬೇಕು. ಸುಂಕದ ಅಧಿಕಾರಿಗಳು ಹಿಡಿದ ಸರಕಿನ ವಿಷಯದಲ್ಲಿಯೂ ಇದೇ ಮಾದರಿಯ ವಿಚಾರಣೆ ನಡೆಯುತ್ತದೆ. ಜಾಯ್ಸ್‌ನ ಕಾದಂಬರಿಯ ಮೊಕದ್ದಮೆಯ ಹೆಸರೇ ‘ಸಂಯುಕ್ತ ಸಂಸ್ಥಾನ ವಿರುದ್ಧ ಯೂಲಿಸಿಸ್ ಎಂಬ ಒಂದು ಪುಸ್ತಕ’. ಬರೆದವನಾಗಲಿ ಮಾರಿದವನಾಗಲಿ ಇಲ್ಲಿ ಆರೋಪಿಯಲ್ಲ. ಕಟಕಟೆಯಲ್ಲಿ ನಿಂತದ್ದು ಗ್ರಂಥ. ಕೃತಿಕಾರನ ನಡತೆಯನ್ನು ಬದಿಗಿಟ್ಟು ಕೃತಿಯನ್ನೇ ವಿಚಾರಿಸಬೇಕೆಂದು ವಿಮರ್ಶಕರು ಹೇಳುವುದುಂಟು. ಅದನ್ನು ಈ ಪದ್ಧತಿ ತನ್ನದೇ ಕಾರಣಗಳಿಗಾಗಿ ಕಡ್ಡಾಯಗೊಳಿಸಿತ್ತು. ನಿರ್ಜೀವವಾದ ಹಡಗನ್ನು ಪ್ರತಿವಾದಿಯೆಂದು ಭಾವಿಸಿ, ಅದರ ಕಟ್ಟು, ಪಯಣದ ದಿಕ್ಕು, ಡಿಕ್ಕಿಯ ಕಾರಣಗಳನ್ನು ಅಳೆದು ನೋಡುವ ಅಭ್ಯಾಸ ವುಲ್ಸಿಯವರಿಗೆ ವಕೀಲಿಯ ದಿನಗಳಿಂದಲೇ ಇತ್ತು. ಅವರ ಓದಿನಲ್ಲಿ ಕಾಣುವ ತಟಸ್ಥತೆಗೆ ಇದೇ ಮೂಲವೆಂದು ನಾವು ಊಹಿಸುತ್ತೇವೆ.

ಪುಸ್ತಕಗಳ ವ್ಯಾಜ್ಯ ಅವರಿಗೆ ೧೯೩೩ರಲ್ಲಿ ಹೊಸತಾಗಿರಲಿಲ್ಲ. ೧೯೩೧ರಲ್ಲಿ ಮೇರಿ ಸ್ಟೋಪ್ಸ್ ಬರೆದ ‘ಮ್ಯಾರೀಡ್ ಲವ್’ ಮತ್ತು ‘ಕಾಂಟ್ರಸೆಪ್ಷನ್’ ಎಂಬ ಎರಡು ಗ್ರಂಥಗಳನ್ನು ಅವರು ಒಂದಾದಮೇಲೊಂದರಂತೆ ಬಿಡುಗಡೆ ಮಾಡಿದ್ದರು. ದಾಂಪತ್ಯ ಮತ್ತು ಸಂತಾನನಿಯಂತ್ರಣಗಳನ್ನು ಕುರಿತ ಗಂಭೀರ ವಿವೇಚನೆ ಅಶ್ಲೀಲವಾಗದೆಂಬುದು ಅಲ್ಲಿನ ನಿರ್ಣಯ. ಅದೇ ವರ್ಷ ಯೂಜೀನ್ ಓನೀಲ್‌ನ ‘ಸ್ಟ್ರೇಂಜ್ ಇಂಟರ್‌ಲೂಡ್’ ನಾಟಕವು ಮತ್ತೊಂದು ಕಾದಂಬರಿಯಿಂದ ಕದ್ದುದೆಂಬ ಆಪಾದನೆ ಅವರ ಮುಂದೆ ಬಂದಿತು. ಎರಡು ಕೃತಿಗಳನ್ನೂ ಹೋಲಿಸಿ ಓದಿ ಆಪಾದನೆಯನ್ನು ಅವರು ತಳ್ಳಿಹಾಕಿದರು. ಈ ಪೂರ್ವಾಭ್ಯಾಸವಿದ್ದುದರಿಂದಲೇ ‘ಯೂಲಿಸಿಸ್’ ಪಕ್ಷದ ವಕೀಲರಾದ ಮಾರಿಸ್ ಅರ್ನ್‌ಸ್ಟ್ ತಮ್ಮ ಮೊಕದ್ದಮೆ ಇವರ ಮುಂದೆಯೇ ಬರಲೆಂದು ಬಯಸಿದ್ದರು.

೩

ಮೊಕದ್ದಮೆಯ ಹಿನ್ನೆಲೆ ಹೀಗಿದೆ. ‘ಯೂಲಿಸಿಸ್’ ೧೯೧೮ರಿಂದ ೧೯೨೦ರವರೆಗೆ ಅಮೆರಿಕದ ‘ದಿ ಲಿಟ್ಲ್ ರಿವ್ಯೂ’ ಪತ್ರಿಕೆಯಲ್ಲಿ ಭಾಗಭಾಗವಾಗಿ ಪ್ರಕಟವಾಗುತ್ತಿತ್ತು. ಕಡಲ ತೀರದಲ್ಲಿ ಕುಳಿತ ತರುಣಿಯೊಬ್ಬಳನ್ನು ನಾಯಕನು ದೂರದಿಂದ ನೋಡುವ ‘ನಾಸಿಕಾ’ ಎಂಬ ಭಾಗ ಬಂದಾಗ ಪತ್ರಿಕೆಯ ಮೇಲೆ ಮೊಕದ್ದಮೆ ಹೂಡಲಾಯಿತು. ೧೯೨೧ರಲ್ಲಿ ಸಂಪಾದಕಿಯರಾದ ಮಾರ್ಗರೆಟ್ ಆಂಡರ್ಸನ್ ಮತ್ತು ಜೇನ್ ಹೀಪ್ ತಲಾ ೫೦ ಡಾಲರ್ ದಂಡ ತೆತ್ತರು, ಪ್ರಕಟಣೆ ನಿಂತಿತು. ಮರುವರ್ಷ ಫೆಬ್ರವರಿ ೨ರಂದು, ಜಾಯ್ಸ್‌ನ ನಾಲ್ವತ್ತನೆಯ ಹುಟ್ಟುಹಬ್ಬದ ದಿನ, ಪ್ಯಾರಿಸ್ಸಿನಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದ ಸಿಲ್ವಿಯ ಬೀಚ್ ಇಡೀ ಗ್ರಂಥವನ್ನು ಹೊರತಂದಳು. ಮುಂದಿನ ಹತ್ತು ವರ್ಷ ಅಮೆರಿಕದ ಓದುಗರಿಗೆ ಅದು ಕದ್ದು ತರಿಸಬೇಕಾದ ವಸ್ತುವಾಗಿತ್ತು.

೧೯೩೨ರಲ್ಲಿ ರ‍್ಯಾಂಡಮ್ ಹೌಸಿನ ಬೆನೆಟ್ ಸರ್ಫ್ ಮತ್ತು ವಕೀಲ ಅರ್ನ್‌ಸ್ಟ್ ಇಬ್ಬರೂ ಸೇರಿ ಒಂದು ಉಪಾಯ ಹೂಡಿದರು. ಗ್ರಂಥವನ್ನು ಅಚ್ಚು ಹಾಕಿ ಶಿಕ್ಷೆಯನ್ನು ತಂದುಕೊಳ್ಳುವುದರ ಬದಲು, ಒಂದೇ ಒಂದು ಪ್ರತಿಯನ್ನು ಹಡಗಿನಲ್ಲಿ ತರಿಸಿ ಸುಂಕದವರ ಕೈಗೆ ಸಿಕ್ಕುವಂತೆ ಮಾಡಿದರು. ೧೯೩೦ರ ಸುಂಕದ ಶಾಸನ ಅಶ್ಲೀಲ ಗ್ರಂಥಗಳ ಆಮದನ್ನು ನಿಷೇಧಿಸಿತ್ತು. ಆ ಪ್ರತಿಯೊಳಗೆ ಪ್ರಸಿದ್ಧ ವಿಮರ್ಶಕರ ಅಭಿಪ್ರಾಯಗಳನ್ನು ಮೊದಲೇ ಅಂಟಿಸಲಾಗಿತ್ತು. ಹಿಡಿದ ವಸ್ತುವೇ ಸಾಕ್ಷ್ಯವಾಗುವುದರಿಂದ ಅದಕ್ಕೆ ಅಂಟಿದ ಕಾಗದಗಳೂ ನ್ಯಾಯಾಲಯದ ಮುಂದೆ ಬಂದೇ ಬರುತ್ತವೆ ಎಂಬುದು ವಕೀಲರ ಲೆಕ್ಕಾಚಾರ. ಮೇಲಾಗಿ ಉಭಯಪಕ್ಷದವರೂ ಜೂರಿಯ ವಿಚಾರಣೆ ಬೇಡವೆಂದು ಒಪ್ಪಿದರು. ಕಾನೂನನ್ನು ಮಾತ್ರವಲ್ಲದೆ ವಸ್ತುಸ್ಥಿತಿಯನ್ನೂ ನಿರ್ಣಯಿಸುವ ಹೊಣೆ ಹೀಗೆ ಒಬ್ಬ ನ್ಯಾಯಾಧೀಶನ ಮೇಲೆ ಬಿದ್ದಿತು. ಇಷ್ಟು ದೀರ್ಘವೂ ಕ್ಲಿಷ್ಟವೂ ಆದ ಗ್ರಂಥಕ್ಕೆ ಈ ಕ್ರಮವೇ ಯೋಗ್ಯವೆಂದು ವುಲ್ಸಿಯವರು ತೀರ್ಪಿನಲ್ಲಿ ಮೆಚ್ಚುಗೆಯಿಂದ ಬರೆದಿದ್ದಾರೆ.

ಆಗ ಚಾಲ್ತಿಯಲ್ಲಿದ್ದ ಒರೆಗಲ್ಲು ಇಂಗ್ಲೆಂಡಿನ ೧೮೬೮ರ ಹಿಕ್ಲಿನ್ ಮೊಕದ್ದಮೆಯಿಂದ ಬಂದುದು. ಕೆಟ್ಟ ಪ್ರಭಾವಕ್ಕೆ ಸುಲಭವಾಗಿ ಒಳಗಾಗುವ ಮನಸ್ಸಿನವರ ಕೈಗೆ ಗ್ರಂಥ ಸಿಕ್ಕಿದರೆ ಅದು ಅವರನ್ನು ಕೆಡಿಸುವಂಥದೇ ಎಂಬುದು ಅದರ ಪ್ರಶ್ನೆ. ಇದರಲ್ಲಿ ಎರಡು ದೋಷಗಳಿದ್ದವು. ಗ್ರಂಥದ ಅಳತೆಗೋಲು ಅತ್ಯಂತ ದುರ್ಬಲನಾದ ಓದುಗನಾಗುತ್ತಿದ್ದನು. ಬಿಡಿ ಪುಟಗಳನ್ನು ಕಿತ್ತು ತೋರಿಸಿದರೂ ಅಪರಾಧ ಸಿದ್ಧವಾಗುತ್ತಿತ್ತು. ವುಲ್ಸಿಯವರಿಗಿಂತ ಮುಂಚೆ ಅದೇ ದಕ್ಷಿಣ ಜಿಲ್ಲೆಯ ಪೀಠದಲ್ಲಿದ್ದ ಲರ್ನೆಡ್ ಹ್ಯಾಂಡ್ ಅವರು ೧೯೧೩ರಲ್ಲಿ ಕಾದಂಬರಿಯೊಂದರ ಮೊಕದ್ದಮೆಯಲ್ಲಿ ಈ ನಿಯಮ ಹಿಂದಿನ ಕಾಲದ ಶೀಲಕಲ್ಪನೆಗೆ ಸೇರಿದುದೆಂದು ಆಕ್ಷೇಪಿಸಿದ್ದರು. ಆದರೂ ಪೂರ್ವನಿರ್ಣಯಗಳಿಗೆ ತಾವು ಬದ್ಧರೆಂದು ಒಪ್ಪಿ ಅದನ್ನೇ ಅನುಸರಿಸಿದ್ದರು. ಒಂದೇ ಪೀಠದ ಈ ಇಬ್ಬರು ನ್ಯಾಯಾಧೀಶರನ್ನು ಹೋಲಿಸಿದರೆ ಮೊದಲನೆಯವರು ನಿಯಮವನ್ನು ಟೀಕಿಸಿ ಪಾಲಿಸಿದರೆಂದೂ ಎರಡನೆಯವರು ಅದನ್ನು ಹೆಚ್ಚಾಗಿ ಟೀಕಿಸದೆಯೇ ದಾಟಿಹೋದರೆಂದೂ ಹೇಳಬಹುದು.

೪

ಈಗ ತೀರ್ಪಿನ ಕ್ರಮವನ್ನು ನೋಡೋಣ. ಮೊದಲನೆಯದಾಗಿ ವುಲ್ಸಿಯವರು ತಾವು ಹೇಗೆ ಓದಿದೆವೆಂಬುದನ್ನು ಹೇಳುತ್ತಾರೆ. ಗ್ರಂಥವನ್ನು ಮೊದಲಿಂದ ಕಡೆಯವರೆಗೆ ಒಂದು ಸಲ ಓದಿದರು. ಸರ್ಕಾರ ವಿಶೇಷವಾಗಿ ಆಕ್ಷೇಪಿಸಿದ ಭಾಗಗಳನ್ನು ಹಲವು ಸಲ ಓದಿದರು. ಗ್ರಂಥ ಸುಲಭವಲ್ಲವೆಂದು ಒಪ್ಪಿಕೊಂಡು, ಅದನ್ನು ಕುರಿತ ಇತರ ಪುಸ್ತಕಗಳನ್ನೂ ನೋಡಿದರು. ವಾರಗಟ್ಟಲೆ ಅವರ ಬಿಡುವೆಲ್ಲ ಇದಕ್ಕೇ ಮೀಸಲಾಯಿತು. ತಾನು ಓದಿದ ಬಗೆಯನ್ನು ಓದುಗರ ಮುಂದೆ ಒಪ್ಪಿಸುವ ಈ ಪ್ರಾಮಾಣಿಕತೆ ವೃತ್ತಿವಿಮರ್ಶಕರಲ್ಲಿಯೂ ಅಪೂರ್ವ. ಸಾಕ್ಷ್ಯವೆಲ್ಲವನ್ನೂ ಕೇಳಿದೆನೆಂದು ದಾಖಲೆ ಮಾಡದೆ ತೀರ್ಪು ಕೊಡಬಾರದೆಂಬ ವಿಚಾರಣಾ ನ್ಯಾಯಾಧೀಶನ ಶಿಸ್ತು ಇಲ್ಲಿ ಓದಿನ ಶಿಸ್ತಾಗಿ ಪರಿಣಮಿಸಿದೆ.

ಎರಡನೆಯದಾಗಿ ಅವರು ಉದ್ದೇಶವನ್ನೂ ಪರಿಣಾಮವನ್ನೂ ಬೇರೆ ಮಾಡುತ್ತಾರೆ. ಕಾಮವನ್ನು ಕೆರಳಿಸಿ ಲಾಭ ಪಡೆಯಲೆಂದೇ ಬರೆದ ಗ್ರಂಥವಾದರೆ ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. ಜಾಯ್ಸ್‌ನ ಮಾತಿನಲ್ಲಿ ಅಸಾಮಾನ್ಯವಾದ ಬಿಚ್ಚುತನವಿದ್ದರೂ ಲಂಪಟನ ವಕ್ರನೋಟ ತಮಗೆ ಎಲ್ಲಿಯೂ ಕಾಣಲಿಲ್ಲವೆಂದು ಅವರು ಹೇಳುತ್ತಾರೆ. ಹಾಗಾದರೆ ಆ ಬಿಚ್ಚುತನ ಏಕೆ ಬಂತು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೆ ಅವರು ಕೊಡುವ ಉತ್ತರ ತೀರ್ಪಿನ ಅತ್ಯುತ್ತಮ ಭಾಗ.

ಮನುಷ್ಯನ ಪ್ರಜ್ಞೆಯೆಂಬುದು ಕ್ಷಣಕ್ಷಣಕ್ಕೂ ಬದಲಾಗುವ ಅನಿಸಿಕೆಗಳ ತೆರೆ. ಎದುರಿಗಿರುವ ವಸ್ತುವಿನ ಮೇಲೆ ಹಿಂದಿನ ನೆನಪುಗಳು, ಅಡಗಿದ ಬಯಕೆಗಳು, ಅರ್ಧಮರ್ಧ ಸಂಬಂಧಗಳು ನೆರಳುಗಳಂತೆ ಬಂದು ಬೀಳುತ್ತವೆ. ಇವೆಲ್ಲವನ್ನೂ ಏಕಕಾಲದಲ್ಲಿ ತೋರಿಸಲು ಜಾಯ್ಸ್ ಯತ್ನಿಸಿದ್ದಾನೆ. ಒಂದರ ಮೇಲೊಂದು ಚಿತ್ರ ಮೂಡಿದ ಸಿನಿಮಾ ಫಿಲ್ಮಿನ ಹೋಲಿಕೆಯನ್ನು ನ್ಯಾಯಾಧೀಶರು ಇಲ್ಲಿ ಕೊಡುತ್ತಾರೆ. ಇಂಥ ತಂತ್ರವನ್ನು ಕೈಗೊಂಡ ಲೇಖಕನು ತನ್ನ ಪಾತ್ರಗಳ ಮನಸ್ಸಿನಲ್ಲಿ ಸುಳಿಯುವುದರಲ್ಲಿ ಒಂದಂಶವನ್ನು, ಅದು ಸಭ್ಯವಲ್ಲವೆಂಬ ಕಾರಣಕ್ಕೆ, ಬಿಟ್ಟುಬಿಟ್ಟರೆ ಆ ತಂತ್ರಕ್ಕೇ ದ್ರೋಹ ಬಗೆದಂತಾಗುತ್ತದೆ. ಗ್ರಾಮ್ಯವೆಂದು ಆಕ್ಷೇಪಿಸಿದ ಮಾತುಗಳು ಆ ಪಾತ್ರಗಳು ಸಹಜವಾಗಿ ಆಡುವ ಮಾತುಗಳು. ಒಂದೊಂದು ಪದವೂ ಬಣ್ಣದ ಕಲ್ಲಿನ ಚೂರಿನಂತೆ ಇಡೀ ಚಿತ್ರದ ರಚನೆಗೆ ಸೇರಿದೆ.

ನಮ್ಮ ಅಲಂಕಾರಶಾಸ್ತ್ರದ ಪರಿಚಯವಿರುವವರಿಗೆ ಈ ವಾದ ಹೊಸದೆನಿಸದು. ಇದು ಔಚಿತ್ಯವಿಚಾರ. ಒಂದು ಪದ ಅಥವಾ ಒಂದು ಸನ್ನಿವೇಶ ತನ್ನಷ್ಟಕ್ಕೆ ಸಾಧುವೂ ಅಲ್ಲ, ಅಸಾಧುವೂ ಅಲ್ಲ. ಸಮಗ್ರದೊಡನೆ ಅದಕ್ಕಿರುವ ಸಂಬಂಧವೇ ಅದರ ಗುಣದೋಷಗಳನ್ನು ನಿರ್ಧರಿಸುತ್ತದೆಯೆಂಬುದು ಕ್ಷೇಮೇಂದ್ರನ ನಿಲುವಿನ ತಿರುಳು. ಕಾಳಿದಾಸನು ‘ಕುಮಾರಸಂಭವ’ದಲ್ಲಿ ಶಿವಪಾರ್ವತಿಯರ ಸಂಭೋಗವನ್ನು ವರ್ಣಿಸಿದ್ದನ್ನು ಆನಂದವರ್ಧನನು ಅನೌಚಿತ್ಯದ ಉದಾಹರಣೆಯೆಂದೇ ಎತ್ತಿಕೊಂಡರೂ ಕವಿಯ ಪ್ರತಿಭಾಶಕ್ತಿಯಲ್ಲಿ ಆ ದೋಷ ಮರೆಯಾಗುತ್ತದೆಂದು ಒಪ್ಪಿದನು. ಇಷ್ಟು ದೂರದ ದೇಶದಲ್ಲಿ, ಸುಂಕದ ಶಾಸನದ ಕಲಮೊಂದನ್ನು ಅರ್ಥೈಸಲು ಹೊರಟ ನ್ಯಾಯಾಧೀಶರು, ಈ ಚರ್ಚೆಯ ಸಮೀಪಕ್ಕೆ ತಮ್ಮದೇ ದಾರಿಯಿಂದ ಬಂದು ಮುಟ್ಟಿದ್ದಾರೆ. ಅವರ ತೀರ್ಪು ಇಲ್ಲಿಗೇ ನಿಂತಿದ್ದರೆ ನಾವು ಹೇಳಬೇಕಾದುದು ಹೆಚ್ಚಿರುತ್ತಿರಲಿಲ್ಲ.

೫

ಅದು ಇಲ್ಲಿಗೆ ನಿಲ್ಲುವಂತಿರಲಿಲ್ಲ. ಶಾಸನದ ಭಾಷೆಯಲ್ಲಿ ಅಶ್ಲೀಲವೆಂದರೆ ಕಾಮೋದ್ರೇಕಕ್ಕೂ ಕಲುಷಿತ ಭಾವನೆಗಳಿಗೂ ಎಡೆಗೊಡುವುದು ಎಂದು ನ್ಯಾಯಾಲಯಗಳು ಅರ್ಥಮಾಡಿದ್ದವು. ಉದ್ದೇಶ ಶುದ್ಧವಾಗಿದ್ದರೂ ಪರಿಣಾಮ ಹೇಗೆಂಬುದನ್ನು ಹೇಳಲೇಬೇಕಾಗಿತ್ತು. ವುಲ್ಸಿಯವರು ಹಿಕ್ಲಿನ್ ನಿಯಮದ ದುರ್ಬಲ ಓದುಗನನ್ನು ಬಿಟ್ಟು, ಸಾಧಾರಣ ಕಾಮಪ್ರವೃತ್ತಿಯುಳ್ಳ ಸರಾಸರಿ ಮನುಷ್ಯನನ್ನು ಅಳತೆಗೋಲಾಗಿ ತೆಗೆದುಕೊಂಡರು. ನಷ್ಟಪರಿಹಾರದ ವ್ಯಾಜ್ಯಗಳಲ್ಲಿ ಬರುವ ವಿವೇಕಿಯಾದ ಮನುಷ್ಯನೆಂಬ ಕಲ್ಪನೆಗೆ ಅವನನ್ನು ಹೋಲಿಸಿದರು. ಇದು ದೊಡ್ಡ ಸುಧಾರಣೆ. ಆದರೆ ಈ ಸರಾಸರಿ ಮನುಷ್ಯನನ್ನು ಅವರು ಹುಡುಕಿದ ಬಗೆ ವಿಚಾರಾರ್ಹ. ತಮ್ಮ ಸ್ವಂತ ಅಭಿಪ್ರಾಯ ತೂಕ ತಪ್ಪಿರಬಹುದೆಂಬ ಅನುಮಾನದಿಂದ ಅವರು ಇಬ್ಬರು ಸ್ನೇಹಿತರನ್ನು, ಒಬ್ಬರಿಗೊಬ್ಬರು ತಿಳಿಯದಂತೆ, ಬೇರೆಬೇರೆಯಾಗಿ ಕೇಳಿದರು. ಅವರನ್ನು ಸಾಹಿತ್ಯದ ಅಸೆಸರುಗಳೆಂದು ಕರೆದರು. ನೌಕಾವ್ಯಾಜ್ಯದಲ್ಲಿ ಸಮುದ್ರದ ಅನುಭವವುಳ್ಳ ನಾವಿಕರು ನ್ಯಾಯಾಧೀಶನಿಗೆ ಸಲಹೆ ಕೊಡಲು ಅಸೆಸರುಗಳಾಗಿ ಕೂರುವ ರೂಢಿ ಇಂಗ್ಲೆಂಡಿನಲ್ಲಿ ಹಳೆಯದು. ಆ ಹೆಸರಿನಲ್ಲಿಯೂ ಅವರ ವಕೀಲಿಯ ನೆನಪಿದೆ. ಆದರೆ ಈ ಇಬ್ಬರು, ಅವರೇ ಹೇಳುವಂತೆ, ಸಾಹಿತ್ಯ ಮತ್ತು ಜೀವನಗಳೆರಡರ ವಿಷಯದಲ್ಲಿಯೂ ಅವರು ಅತ್ಯಂತ ಬೆಲೆಕೊಡುತ್ತಿದ್ದ ಅಭಿಪ್ರಾಯದವರು. ಅಂಥವರು ಸರಾಸರಿ ಮನುಷ್ಯರಾಗುವುದು ಹೇಗೆ? ಕಾನೂನಿನ ಸರಾಸರಿ ಮನುಷ್ಯನ ವೇಷದಲ್ಲಿ ಸಹೃದಯನೇ ಬಂದು ಸಾಕ್ಷಿ ನುಡಿದನೆಂದು ನಾವು ಹೇಳುತ್ತೇವೆ. ಸಾಕ್ಷಿ ಸತ್ಯವಾದುದೇ, ಆದರೆ ಸಹೃದಯನ ಸಾಕ್ಷ್ಯವೇ ಬೇಕಾಗಿದ್ದರೆ ಅದನ್ನು ಆ ಹೆಸರಿನಿಂದಲೇ ಕೇಳಬಹುದಾಗಿತ್ತು.

ಎರಡನೆಯ ಆಕ್ಷೇಪ ಸಣ್ಣದಾದರೂ ಅರ್ಥವುಳ್ಳದ್ದು. ಪಾತ್ರಗಳ ಮನಸ್ಸಿನಲ್ಲಿ ಕಾಮದ ವಿಚಾರ ಮತ್ತೆಮತ್ತೆ ಸುಳಿಯುವುದಕ್ಕೆ ಸಮಾಧಾನವಾಗಿ, ಕಥೆ ನಡೆಯುವ ನೆಲ ಕೆಲ್ಟರದು, ಋತು ವಸಂತ ಎಂಬುದನ್ನು ಮರೆಯಬಾರದೆಂದು ನ್ಯಾಯಾಧೀಶರು ವಿನೋದವಾಗಿ ಹೇಳುತ್ತಾರೆ. ಕಥೆ ನಡೆಯುವುದು ೧೯೦೪ರ ಜೂನ್ ೧೬ರಂದು. ವಸಂತವೆಂದರೆ ಅದರ ಕಡೆಯ ದಿನಗಳು. ಅದು ಹಾಗಿರಲಿ. ಕಥಾನಾಯಕ ಲಿಯೊಪೋಲ್ಡ್ ಬ್ಲೂಮ್ ಹಂಗೆರಿಯಿಂದ ಬಂದು ನೆಲಸಿದ ಯಹೂದಿಯೊಬ್ಬನ ಮಗ. ಅವನ ಹೆಂಡತಿ ಮಾಲಿ ಬೆಳೆದದ್ದು ಜಿಬ್ರಾಲ್ಟರಿನಲ್ಲಿ. ಸರ್ಕಾರದ ಆಕ್ಷೇಪಕ್ಕೆ ಹೆಚ್ಚಾಗಿ ಗುರಿಯಾದ ಭಾಗಗಳು ಈ ಇಬ್ಬರ ಮನೋವ್ಯಾಪಾರಕ್ಕೆ ಸೇರಿದವು. ಕೆಲ್ಟರ ರಕ್ತದ ಕಾರಣ ಇವರಿಗೆ ಹೊಂದುವುದೇ ಇಲ್ಲ. ಡಬ್ಲಿನ್ ನಗರದಲ್ಲಿ ಪರಕೀಯನೆನಿಸಿಕೊಂಡವನ ಒಂಟಿತನ, ಮಗುವನ್ನು ಕಳೆದುಕೊಂಡ ದಂಪತಿಗಳ ನಡುವೆ ಬೆಳೆದ ದೂರ—ಇವು ಆ ಭಾಗಗಳ ಹಿಂದಿರುವ ನಿಜವಾದ ಕಾರಣಗಳು. ಜನಾಂಗ ಋತುಗಳ ವಿನೋದದಲ್ಲಿ ನ್ಯಾಯಾಧೀಶರು ಇವುಗಳನ್ನು ಹಾದುಹೋದರು. ಕೃತಿಯ ತಂತ್ರವನ್ನು ಅಷ್ಟು ಸೂಕ್ಷ್ಮವಾಗಿ ಕಂಡವರು ಕೃತಿಯ ವ್ಯಕ್ತಿಗಳನ್ನು ಅಷ್ಟೇ ಹತ್ತಿರದಿಂದ ನೋಡಲಿಲ್ಲ.

ಮೂರನೆಯದು ಮುಖ್ಯವಾದ ಆಕ್ಷೇಪ. ಗ್ರಂಥದ ಪರಿಣಾಮ ಅನೇಕ ಕಡೆಗಳಲ್ಲಿ ವಾಂತಿಕಾರಕವಾಗಬಹುದೇ ಹೊರತು ಎಲ್ಲಿಯೂ ಕಾಮಪ್ರಚೋದಕವಲ್ಲವೆಂಬುದು ತೀರ್ಪಿನ ಕಡೆಯ ನಿರ್ಣಯ. ಇದೇ ಅತ್ಯಂತ ಪ್ರಸಿದ್ಧವಾದ ಮಾತು. ಇದರ ಜಾಣ್ಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಓದುಗನಿಗೆ ಹೇಸಿಗೆಯಾಯಿತೆಂದ ಮೇಲೆ ಅವನಿಗೆ ಮೋಹ ಹುಟ್ಟಿತೆಂದು ಸರ್ಕಾರ ಸಾಧಿಸುವುದು ಕಷ್ಟವಾಗುತ್ತದೆ. ಆದರೆ ವಿಮರ್ಶೆಯಾಗಿ ಇದು ನಿಲ್ಲುವುದೇ? ನಮ್ಮ ಆಲಂಕಾರಿಕರು ಅಶ್ಲೀಲವೆಂಬ ದೋಷವನ್ನು ಮೂರಾಗಿ ವಿಂಗಡಿಸಿದ್ದಾರೆ: ನಾಚಿಕೆ ಹುಟ್ಟಿಸುವುದು, ಜುಗುಪ್ಸೆ ಹುಟ್ಟಿಸುವುದು, ಅಮಂಗಲವನ್ನು ಸೂಚಿಸುವುದು. ಮಮ್ಮಟನ ‘ಕಾವ್ಯಪ್ರಕಾಶ’ದಲ್ಲಿ ಈ ವಿಂಗಡಣೆ ಸ್ಪಷ್ಟವಾಗಿದೆ. ಈ ದೃಷ್ಟಿಯಿಂದ ನೋಡಿದರೆ ಜುಗುಪ್ಸೆಯನ್ನು ಮುಂದೊಡ್ಡಿ ಅಶ್ಲೀಲದಿಂದ ಪಾರಾಗುವುದು ಸಾಧ್ಯವೇ ಇಲ್ಲ. ಒಂದು ಬಗೆಯ ಅಶ್ಲೀಲದಿಂದ ಇನ್ನೊಂದು ಬಗೆಯದಕ್ಕೆ ಹೋದಂತಾಯಿತು, ಅಷ್ಟೆ. ಆದರೆ ಅದೇ ಆಲಂಕಾರಿಕರು ಈ ದೋಷ ನಿತ್ಯವಲ್ಲವೆಂದೂ ಸಂದರ್ಭ ಒದಗಿದಾಗ ಅದು ಗುಣವೇ ಆಗಬಹುದೆಂದೂ ಹೇಳಿದ್ದಾರೆ. ದಾರಿಯಿದ್ದುದು ಇಲ್ಲಿ.

ಕೃತಿಯ ದೃಷ್ಟಿಯಿಂದಲೂ ಈ ಮಾತು ಪೂರ್ಣಸತ್ಯವಲ್ಲ. ಕಾದಂಬರಿಯ ಕಡೆಯ ಭಾಗ ಮಾಲಿ ನಡುರಾತ್ರಿಯಲ್ಲಿ ಹಾಸಿಗೆಯ ಮೇಲೆ ಮಲಗಿ ತನ್ನಷ್ಟಕ್ಕೆ ತಾನು ಆಡಿಕೊಳ್ಳುವ ದೀರ್ಘ ಸ್ವಗತ. ಅದರಲ್ಲಿ ದೇಹದ ವಿಷಯ ಧಾರಾಳವಾಗಿದೆ. ಹೇಸಿಗೆಯ ಮಾತೂ ಇದೆ. ಆದರೆ ಅದು ಕೊನೆಗೊಳ್ಳುವುದು ತಾನು ಹಿಂದೊಮ್ಮೆ ಪ್ರೀತಿಗೆ ಒಪ್ಪಿಗೆ ಕೊಟ್ಟ ಗಳಿಗೆಯ ನೆನಪಿನಲ್ಲಿ. ಆ ಪುಟಗಳನ್ನು ಓದಿ ಮನಸ್ಸು ಅರಳದೆ ಹೊಟ್ಟೆ ತೊಳಸುವುದಾದರೆ ಅದನ್ನು ಓದಿದಂತೆಯೇ ಅಲ್ಲ. ಕಾಮವೂ ಜೀವನೋತ್ಸಾಹವೂ ಅಲ್ಲಿ ಬೇರೆಬೇರೆಯಾಗಿಲ್ಲ. ಆ ಭಾಗಕ್ಕೆ ಓದುಗನ ಇಂದ್ರಿಯಗಳನ್ನು ಮುಟ್ಟುವ ಶಕ್ತಿಯಿಲ್ಲವೆಂದು ಸಾಧಿಸಿ ಅದಕ್ಕೆ ಬಿಡುಗಡೆ ಕೊಡಿಸುವುದು, ಸಿಂಹಕ್ಕೆ ಹಲ್ಲಿಲ್ಲವೆಂದು ಪ್ರಮಾಣ ಮಾಡಿ ಬೋನಿನಿಂದ ಬಿಡಿಸಿದಂತೆ.

ಇದು ಕೇವಲ ಜಾಯ್ಸ್‌ನ ಒಂದು ಗ್ರಂಥದ ಪ್ರಶ್ನೆಯಲ್ಲ. ಕೃತಿ ಯಾರನ್ನೂ ಕದಲಿಸುವುದಿಲ್ಲ, ಆದುದರಿಂದ ಅದು ನಿರಪಾಯ ಎಂಬ ವಾದದಿಂದ ಸಾಹಿತ್ಯಕ್ಕೆ ದೊರೆಯುವ ಸ್ವಾತಂತ್ರ್ಯ ನಿಜವಾಗಿ ಕದಲಿಸಬಲ್ಲ ಕೃತಿಗೆ ಸಲ್ಲುವುದಿಲ್ಲ. ಶೃಂಗಾರವನ್ನು ಶೃಂಗಾರವಾಗಿಯೇ ಬರೆದವನು ಈ ನ್ಯಾಯದಲ್ಲಿ ಅಪ್ಪಟ ಅಪರಾಧಿಯಾಗುತ್ತಾನೆ. ವುಲ್ಸಿಯವರ ಕೈ ಶಾಸನದ ಮಾತಿಗೆ ಕಟ್ಟುಬಿದ್ದಿತ್ತೆಂಬುದು ನಿಜ. ಜಿಲ್ಲಾ ನ್ಯಾಯಾಧೀಶರಾಗಿ ಶಾಸನದ ಅರ್ಥವನ್ನೇ ಹೊಸದಾಗಿ ಕಟ್ಟುವ ಅಧಿಕಾರ ಅವರಿಗಿರಲಿಲ್ಲ. ಕೃತಿಯ ಮೇಲೆ ಅವರಿಗಿದ್ದ ಗೌರವವೂ ಸಂದೇಹಾತೀತ. ಆದರೂ ಮುನ್ನುಡಿಯ ಸ್ಥಾನದಲ್ಲಿ ನಿಂತು ತಲೆಮಾರುಗಳ ಓದುಗರ ಕಣ್ಣಿಗೆ ಬಿದ್ದ ಬರಹವಾದುದರಿಂದ ಅದನ್ನು ಮೊಕದ್ದಮೆಯ ಅವಶ್ಯಕತೆಯಿಂದ ಮಾತ್ರ ಅಳೆದರೆ ಸಾಲದು.

೬

ಸರ್ಕಾರ ಅಪೀಲು ಹೋಯಿತು. ೧೯೩೪ರ ಆಗಸ್ಟ್ ೭ರಂದು ಅಪೀಲು ನ್ಯಾಯಾಲಯದ ಇಬ್ಬರು ನ್ಯಾಯಾಧೀಶರು ವುಲ್ಸಿಯವರ ನಿರ್ಣಯವನ್ನು ಎತ್ತಿಹಿಡಿದರು. ಮಾರ್ಟಿನ್ ಮ್ಯಾಂಟನ್ ಭಿನ್ನಮತ ಬರೆದರು. ಬಹುಮತದ ತೀರ್ಪನ್ನು ಬರೆದವರು ಆಗಸ್ಟಸ್ ಹ್ಯಾಂಡ್. ಅವರೊಡನೆ ಸಹಮತರಾದವರು, ಆ ವೇಳೆಗೆ ಮೇಲಿನ ಪೀಠಕ್ಕೆ ಬಂದಿದ್ದ ಅವರ ದಾಯಾದಿ ಲರ್ನೆಡ್ ಹ್ಯಾಂಡ್. ೧೯೧೩ರಲ್ಲಿ ತಾವು ಒಲ್ಲದ ಮನಸ್ಸಿನಿಂದ ಪಾಲಿಸಿದ್ದ ನಿಯಮವನ್ನು ಇಪ್ಪತ್ತೊಂದು ವರ್ಷಗಳ ಮೇಲೆ ಅವರು ಹೀಗೆ ಬದಿಗಿಟ್ಟರು. ಈ ತೀರ್ಪಿನಲ್ಲಿ ವುಲ್ಸಿಯವರ ಶೈಲಿಯ ಹೊಳಪಿಲ್ಲ. ಆದರೆ ಆಧಾರ ಹೆಚ್ಚು ಗಟ್ಟಿಯಾದುದು. ಗ್ರಂಥದ ಕೆಲವು ಭಾಗಗಳು ಬಿಡಿಯಾಗಿ ನೋಡಿದರೆ ಅಶ್ಲೀಲವೆನಿಸಬಹುದೆಂದು ಅದು ಒಪ್ಪುತ್ತದೆ. ಒಪ್ಪಿದ ಮೇಲೆ ಅದು ಕೇಳುವ ಪ್ರಶ್ನೆ, ಇಡೀ ಕೃತಿಯ ಪ್ರಧಾನ ಪರಿಣಾಮ ಏನೆಂಬುದು. ಆಕ್ಷೇಪಿತ ಭಾಗಕ್ಕೂ ಕೃತಿಯ ವಸ್ತುವಿಗೂ ಸಂಬಂಧವೆಷ್ಟು, ಬಲ್ಲ ವಿಮರ್ಶಕರು ಕೃತಿಯನ್ನು ಹೇಗೆ ಬೆಲೆಕಟ್ಟಿದ್ದಾರೆ ಎಂಬ ವಿಚಾರಗಳೂ ಲೆಕ್ಕಕ್ಕೆ ಬರಬೇಕೆಂದು ಅದು ಹೇಳುತ್ತದೆ. ವುಲ್ಸಿಯವರಲ್ಲಿ ವೇಷ ಮರೆಸಿಕೊಂಡು ಬಂದ ಸಹೃದಯನಿಗೆ ಇಲ್ಲಿ ಬಹಿರಂಗವಾಗಿ ಆಸನ ದೊರೆಯಿತು. ಮುಂದೆ ೧೯೫೭ರಲ್ಲಿ ರಾಥ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹಿಕ್ಲಿನ್ ನಿಯಮವನ್ನು ತಿರಸ್ಕರಿಸಿ, ಸರಾಸರಿ ಓದುಗ ಮತ್ತು ಸಮಗ್ರ ಕೃತಿ ಎಂಬ ಎರಡು ಕಲ್ಪನೆಗಳನ್ನೂ ದೇಶದ ಕಾನೂನಾಗಿ ಅಂಗೀಕರಿಸಿತು.

ಭಾರತದಲ್ಲಿ ಹಿಕ್ಲಿನ್ ನಿಯಮಕ್ಕೆ ದೀರ್ಘಾಯುಸ್ಸಿತ್ತು. ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯನ್ನು ಮಾರಿದ್ದಕ್ಕಾಗಿ ಮುಂಬಯಿಯ ಪುಸ್ತಕ ವ್ಯಾಪಾರಿಯೊಬ್ಬರಿಗೆ ಆದ ಶಿಕ್ಷೆಯನ್ನು ೧೯೬೪ರಲ್ಲಿ ನಮ್ಮ ಸುಪ್ರೀಂ ಕೋರ್ಟು ಎತ್ತಿಹಿಡಿದಾಗ, ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಆ ನಿಯಮವನ್ನು ಕೆಲವು ತಿದ್ದುಪಡಿಗಳೊಡನೆ ಉಳಿಸಿಕೊಂಡರು. ೧೯೬೯ರಲ್ಲಿ ದಂಡಸಂಹಿತೆಯ ೨೯೨ನೆಯ ಕಲಮಿಗೆ ತಿದ್ದುಪಡಿಯಾಗಿ, ವಿಜ್ಞಾನ, ಸಾಹಿತ್ಯ, ಕಲೆ, ವಿದ್ಯೆಗಳ ಹಿತಕ್ಕಾಗಿ ಸಾರ್ವಜನಿಕ ಶ್ರೇಯಸ್ಸಿಗೆ ಪೋಷಕವಾದ ಪ್ರಕಟಣೆಗೆ ವಿನಾಯಿತಿ ದೊರೆಯಿತು. ಹಿಕ್ಲಿನ್ ನಿಯಮವನ್ನು ನಮ್ಮ ಸುಪ್ರೀಂ ಕೋರ್ಟು ಬಿಟ್ಟುಕೊಟ್ಟದ್ದು ೨೦೧೪ರ ಅವೀಕ್ ಸರ್ಕಾರ್ ಮೊಕದ್ದಮೆಯಲ್ಲಿ. ೨೦೨೪ರಲ್ಲಿ ದಂಡಸಂಹಿತೆಯ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅಶ್ಲೀಲ ಗ್ರಂಥಗಳ ಕಲಮು ಉಳಿದಿದೆ. ಆದುದರಿಂದ ಓದುಗನೆಂದರೆ ಯಾರು, ಓದೆಂದರೆ ಎಷ್ಟು ಎಂಬ ಪ್ರಶ್ನೆಗಳು ನಮಗೆ ಪರದೇಶದ ಚರಿತ್ರೆ ಮಾತ್ರವಲ್ಲ. ಪಠ್ಯವಾಗಿ ಇಟ್ಟ ಗ್ರಂಥದಿಂದ ಒಂದು ಪುಟವನ್ನು ಹರಿದು ತೋರಿಸಿ ಇಡೀ ಗ್ರಂಥವನ್ನು ತೆಗೆಯಬೇಕೆಂದು ಕೇಳುವವರ ಮುಂದೆ ನಿಲ್ಲಬೇಕಾಗುವವನು ಮೊದಲು ಅಧ್ಯಾಪಕ. ನ್ಯಾಯಾಧೀಶನ ಸರದಿ ಆಮೇಲಿನದು.

ಅಂಥ ಸಂದರ್ಭದಲ್ಲಿ ವುಲ್ಸಿಯವರಿಂದ ನಾವು ಪಡೆಯಬೇಕಾದದ್ದು ಅವರ ಪ್ರಸಿದ್ಧವಾದ ಕಡೆಯ ಮಾತನ್ನಲ್ಲ, ಅದಕ್ಕೆ ಹಿಂದಿನ ಪುಟಗಳನ್ನು. ಗ್ರಂಥವನ್ನು ಪೂರ್ತಿಯಾಗಿ ಓದುವುದು. ಆಕ್ಷೇಪಿತ ಭಾಗವನ್ನು ತಪ್ಪಿಸಿಕೊಳ್ಳದೆ ಮತ್ತೆಮತ್ತೆ ಓದುವುದು. ಲೇಖಕನು ಕೈಗೊಂಡ ಕಾರ್ಯವೇನೆಂದು ಮೊದಲು ತಿಳಿದು ಆ ಕಾರ್ಯಕ್ಕೆ ಆ ಭಾಗ ಬೇಕಾಗಿತ್ತೇ ಎಂದು ಕೇಳುವುದು. ತನ್ನ ಅಭಿಪ್ರಾಯವನ್ನು ಇತರರ ಓದಿನೊಡನೆ ಹೋಲಿಸಿ ನೋಡುವುದು. ಐವತ್ತಾರು ವರ್ಷ ವಯಸ್ಸಿನ, ಹಡಗುಗಳ ಕಾನೂನಿನಲ್ಲಿ ಪಳಗಿದ ಒಬ್ಬ ವಿಚಾರಣಾ ನ್ಯಾಯಾಧೀಶರು ತಮ್ಮ ಕಾಲದ ಅತ್ಯಂತ ಕಠಿಣವಾದ ಕಾದಂಬರಿಗೆ ವಾರಗಟ್ಟಲೆ ಕಾಲ ಕೊಟ್ಟು ಇಷ್ಟನ್ನೂ ಮಾಡಿದರು. ಕೃತಿ ಓದುಗನನ್ನು ಮುಟ್ಟುತ್ತದೆ, ಮುಟ್ಟಬೇಕು, ಮುಟ್ಟಿಯೂ ಅದು ನಿರ್ದೋಷಿಯಾಗಿರಬಲ್ಲದು ಎಂಬ ಮಾತನ್ನು ಅವರ ಪೀಠದಿಂದ ಹೇಳಲಾಗಲಿಲ್ಲ. ಅದನ್ನು ಹೇಳುವ ಹೊಣೆ ಸಾಹಿತ್ಯವನ್ನು ಬೋಧಿಸುವವರದು ಮತ್ತು ಓದುವವರದು.